ಮುದ್ರಕ ಚಾಲಕ ನಿರ್ಯಾಣ ಮೀಮಾಂಸೆ: ಗಿಣಿಗೇರಾ ಪಾಠ

1. ವಿಷಯ, ಅಧಿಕಾರಿ, ಪ್ರಯೋಜನ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ವಿಷಯವನ್ನೂ ಅದನ್ನು ಓದಲು ಯೋಗ್ಯನಾದವನನ್ನೂ ಹೇಳಬೇಕು. ವಿಷಯ: ಕಾಗದ ಎಳೆಯಬಲ್ಲ, ಟೋನರ್ ಉದುರಿಸಬಲ್ಲ, ಸಕಲ ಅಂಗಾಂಗ ನೆಟ್ಟಗಿರುವ ಪ್ರಿಂಟರೊಂದು ಹೊಸ ಕಂಪ್ಯೂಟರಿನ ಪಾಲಿಗೆ ಅಪರಿಚಿತ ವಸ್ತುವಾಗುವುದು. ಅಧಿಕಾರಿ: ಕೊಪ್ಪಳ–ಹೊಸಪೇಟೆ ದಾರಿಯ ಗಿಣಿಗೇರಾದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು, ಅಥವಾ ಪಹಣಿಗೋ ಜಾತಿ-ಆದಾಯದ ಕಾಗದಕ್ಕೋ 371(ಜೆ) ಪ್ರಮಾಣಪತ್ರಕ್ಕೋ ಅವನೆದುರು ನಿಂತವನು. ಪ್ರಯೋಜನ: ಸಮಾಧಾನ. ಪ್ರಿಂಟ್ ಸಿಗುತ್ತದೆಂದು ಈ ಗ್ರಂಥ ಎಲ್ಲಿಯೂ ಭರವಸೆ ಕೊಟ್ಟಿಲ್ಲ.

ಮೂಲಸೂತ್ರ ಅಂಗಡಿಯವನದೇ: “ಪ್ರಿಂಟರ್ ಚಲೋ ಐತ್ರೀ ಅಣ್ಣಾರ, ಕಂಪ್ಯೂಟರ್ ಒಲ್ಲೆ ಅಂತೈತಿ.” ಮುಂದಿನದೆಲ್ಲ ಇದರ ಭಾಷ್ಯ.

2. ಲಕ್ಷಣ ನಿರೂಪಣೆ

ಝೆರಾಕ್ಸ್ ಅಂಗಡಿಗಳ ಕುಲದೇವತೆಗಳು ಎರಡು: ಎಚ್‌ಪಿ ಲೇಸರ್‌ಜೆಟ್ 1020 ಮತ್ತು ಕ್ಯಾನನ್ ಎಲ್‌ಬಿಪಿ 2900. ಹೆಸರು ಬೇರೆಯಾದರೂ ಟೋನರ್ ತುಂಬುವವನ ಬಾಯಲ್ಲಿ ಎರಡಕ್ಕೂ ನೈವೇದ್ಯ ಒಂದೇ, 12ಎ. ಸುತ್ತಲ ಉಕ್ಕು ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳ ಕರಿಧೂಳು ಊರ ಮೇಲೆ ಕೂರುವ ಗಿಣಿಗೇರಾದಲ್ಲಿ ಅದನ್ನೇ ಉಸಿರಾಡಿಯೂ ಇವು ಬದುಕಿವೆ. ಆದ್ದರಿಂದ ಮರಣಕ್ಕೆ ಕಾರಣ ಶ್ವಾಸಕೋಶವೆಂಬ ವಾದ ಇಲ್ಲಿಗೇ ಬಿತ್ತು.

ಇವುಗಳ ವಿಶೇಷ ಲಕ್ಷಣ ಪರಾಶ್ರಿತ ಬುದ್ಧಿ. ಪುಟದ ಚಿತ್ರವನ್ನು ಕಂಪ್ಯೂಟರೇ ಕೆತ್ತಿ ಕೊಡಬೇಕು. ಪ್ರಿಂಟರ್ ಒತ್ತುತ್ತದೆ, ಅಷ್ಟೆ. 1020 ಅಂತೂ ಪರಮ ವಿರಾಗಿ: ಕರೆಂಟು ಹೋಗಿ ಬಂದರೆ ತಾನು ಯಾರೆಂಬುದೇ ಅದಕ್ಕೆ ನೆನಪಿರುವುದಿಲ್ಲ. ಕಂಪ್ಯೂಟರು ಪ್ರತಿ ಸಲವೂ ಫರ್ಮ್‌ವೇರ್ ತುಂಬಿ ಅದಕ್ಕೆ ಆತ್ಮಜ್ಞಾನ ಮಾಡಿಸಬೇಕು. ಈ ಉಪದೇಶ ಮಾಡುವ ಗುರುವೇ ಡ್ರೈವರ್.

3. ಕಾಲನಿರ್ಣಯ

ಗಿಣಿಗೇರಾ ಜಂಕ್ಷನ್‌ನಿಂದ ಮಹಬೂಬನಗರಕ್ಕೆ ಹೊರಟ ರೈಲುಮಾರ್ಗ ಮಂಜೂರಾದದ್ದು 1997-98ರಲ್ಲಿ. ಗಂಗಾವತಿಗೆ ಪ್ರಯಾಣಿಕರ ರೈಲು ಹೋದದ್ದು 2019ರಲ್ಲಿ. ಆ ನಡುವೆ ವಿಂಡೋಸ್ 98 ಮತ್ತು ಎಕ್ಸ್‌ಪಿ ತೀರಿಹೋಗಿದ್ದವು. 7 ಊರ್ಧ್ವಶ್ವಾಸ ಎಳೆಯುತ್ತಿತ್ತು. ವಿಂಡೋಸ್ 10ರ ಸಾಮಾನ್ಯ ಆರೈಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು.

ಪ್ರಸ್ತುತ ಶಾಸನವನ್ನು ಮೈಕ್ರೋಸಾಫ್ಟ್ ಹೊರಡಿಸಿದ್ದು 2023ರ ಸೆಪ್ಟೆಂಬರಿನಲ್ಲಿ. ಅದರಂತೆ ಕಂಪನಿಗಳ ಹೊಸ ಪ್ರಿಂಟರ್ ಡ್ರೈವರುಗಳಿಗೆ 2026ರ ಜನವರಿಯಿಂದ ವಿಂಡೋಸ್ ಅಪ್‌ಡೇಟ್ ಬಾಗಿಲು ಬಂದ್. 2026ರ ಜುಲೈ 1ರಿಂದ ವಿಂಡೋಸ್‌ನ ಸ್ವಂತ ಐಪಿಪಿ (ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್) ಡ್ರೈವರಿಗೆ ಮೊದಲ ಪಂಕ್ತಿ. 2027ರ ಜುಲೈ 1ರ ನಂತರ ಕಂಪನಿಗಳ ಡ್ರೈವರುಗಳಿಗೆ ಭದ್ರತೆಯ ತೇಪೆ ಬಿಟ್ಟು ಬೇರೆ ತಿದ್ದುಪಡಿ ಇಲ್ಲ.

4. ವ್ಯಾಖ್ಯಾನಕಾರರ ಜಗಳ

ಈ ಶಾಸನದ ಮೇಲೆ ಎರಡು ಪಂಥಗಳು ಹುಟ್ಟಿವೆ. ಪ್ರಳಯವಾದಿಗಳು ಹೇಳುತ್ತಾರೆ: ಹಳೆಯ ಪ್ರಿಂಟರೆಲ್ಲ ಗುಜರಿಗೆ. ಯಥಾಸ್ಥಿತಿವಾದಿಗಳು ಕಣ್ಣಿಗೆ ಕನ್ನಡಕವೇರಿಸಿ ಮೂಲಪಾಠ ತೋರಿಸುತ್ತಾರೆ: ಈಗ ಇರುವ ಡ್ರೈವರನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ತಯಾರಕರ ತಾಣದಿಂದ ಇಳಿಸಿಕೊಂಡು ಹಾಕಿಕೊಳ್ಳಲು ಅಡ್ಡಿಯಿಲ್ಲ. ಸಮನ್ವಯ ಇಷ್ಟೆ: ಈ ಜನ್ಮಕ್ಕೆ ತೊಂದರೆಯಿಲ್ಲ, ಪುನರ್ಜನ್ಮಕ್ಕೆ ಖಾತರಿಯಿಲ್ಲ. ಕಂಪ್ಯೂಟರು ಬದಲಾದ ದಿನ ಹಳೆಯ ಡ್ರೈವರನ್ನು ಹುಡುಕುವ ಹೊಣೆ ಅಂಗಡಿಯವನ ತಲೆಗೆ.

ಲಿನಕ್ಸ್ ಮಠಕ್ಕೆ ಶರಣು ಹೋಗುತ್ತೇನೆಂದರೂ ನಿತ್ಯಮೋಕ್ಷವಿಲ್ಲ. ಅಲ್ಲಿನ ಮುದ್ರಣಾಧಿಪತಿ ಕಪ್ಸ್ ಕೂಡ ತನ್ನ 3ನೇ ಅವತಾರದಲ್ಲಿ ಹಳೆಯ ಮಾದರಿಯ ಡ್ರೈವರುಗಳನ್ನು ತ್ಯಜಿಸುವ ಸಂಕಲ್ಪ ಮಾಡಿದೆ.

5. ಪೂರ್ವಪಕ್ಷ

“ಇದೆಲ್ಲ ಹೊಸ ಪ್ರಿಂಟರ್ ಮಾರುವ ಹುನ್ನಾರವಲ್ಲವೇ?” ಪೂರ್ತಿ ಅಲ್ಲ. ಡ್ರೈವರಿಗೆ ಕಂಪ್ಯೂಟರಿನ ಒಳಮನೆಯವರೆಗೂ ಸಲುಗೆ. ಮುದ್ರಣದ ಸರತಿ ಕಾಯುವ ಸ್ಪೂಲರಿನ ಬಿರುಕಿನಿಂದ ನುಸುಳಿದವರ ಇತಿಹಾಸವೂ ದೊಡ್ಡದು: 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಆ ದಾರಿ ಬಳಸಿತ್ತು, 2021ರ ಪ್ರಿಂಟ್‌ನೈಟ್‌ಮೇರ್ ದೋಷದಿಂದ ಹೊರಗಿನವನು ಡ್ರೈವರಿನ ವೇಷದಲ್ಲೇ ಒಳಹೊಕ್ಕು ಯಜಮಾನನಾಗಬಹುದಿತ್ತು. ಹಾಗಾಗಿ ಪ್ರಿಂಟರೇ ತನಗೇನು ಬರುತ್ತದೆಂದು ಹೇಳಿಕೊಳ್ಳುವ ಐಪಿಪಿ ಪದ್ಧತಿ ಒಳ್ಳೆಯದೇ. ನಮ್ಮ ವಿರಾಗಿಗೆ ಮಾತ್ರ ಹೇಳಿಕೊಳ್ಳಲು ಬಾಯಿಲ್ಲ.

6. ಶಾಸನಾಧಾರ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಬ್ರಾಹ್ಮೀ ಶಾಸನಗಳಿವೆ. ಕಲ್ಲು ಗಟ್ಟಿ, ಗವಿಮಠದಲ್ಲಂತೂ ಅಕ್ಷರ ಸ್ಫುಟ, ಮುದ್ರಣ ಅಪ್ಪಟ. ಆದರೂ ಎಷ್ಟೋ ಶತಮಾನ ಆ ಲಿಪಿ ಓದುವವರೇ ಇರಲಿಲ್ಲ. ಅಂದರೆ ಡ್ರೈವರಿಗೆ ಬೆಂಬಲ ನಿಂತಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಿದ. ಕೊಪ್ಪಳದ ಶಾಸನಗಳು 1931ರಲ್ಲಿ ಬೆಳಕಿಗೆ ಬಂದಾಗ ಓದುವವರು ಸಿದ್ಧರಿದ್ದರು. ಆದಕಾರಣ 2900ರ ಮಾಲೀಕರು ಎದೆಗುಂದಬಾರದು. ಪ್ರಿನ್ಸೆಪ್ ಬಂದೇ ಬರುತ್ತಾನೆ. ಅಲ್ಲಿಯವರೆಗೆ ಪ್ರಿಂಟರಿನ ಮೇಲೆ ಟವೆಲ್ ಹೊದಿಸಿಡುವುದು.

7. ಸಿದ್ಧಾಂತ ಮತ್ತು ಆಚಾರ

ಸಿದ್ಧಾಂತ: ಪ್ರಿಂಟರ್ ಅಗ್ಗವಾದದ್ದು ಬುದ್ಧಿಯ ಖರ್ಚು ಉಳಿಸಿದ್ದರಿಂದ. ಅಂಗಡಿಯವ ಕೊಳ್ಳುವಾಗ ಉಳಿಸಿದ ಆ ದುಡ್ಡು ಸಾಲವಾಗಿತ್ತು. ವಸೂಲಿ ಈಗ ಶುರುವಾಗಿದೆ.

ಆಚಾರ ಮಾತ್ರ ಶಾಸ್ತ್ರವನ್ನು ತಲೆಕೆಳಗು ಮಾಡಿದೆ. ಅಂಗಡಿಯವನು ಹಳೆಯ ವಿಂಡೋಸ್ 7ರ ಕಂಪ್ಯೂಟರನ್ನು ಮೂಲೆಯಲ್ಲಿ ಪ್ರತಿಷ್ಠಾಪಿಸಿ, ನೆಟ್ ವೈರು ಕಿತ್ತು, ಪ್ರಿಂಟರನ್ನು ಅದಕ್ಕೇ ಗಂಟುಹಾಕುತ್ತಾನೆ. ಹೊಸ ಕಂಪ್ಯೂಟರಿನಲ್ಲಿ ಇಳಿದ ಪಿಡಿಎಫ್ ಪೆನ್‌ಡ್ರೈವ್ ಏರಿ ಮೂಲೆಗೆ ಹೋಗುತ್ತದೆ. “ಅದನ್ನ ಮಾತ್ರ ಅಪ್‌ಡೇಟ್ ಮಾಡಬ್ಯಾಡೋ ತಮ್ಮಾ” ಎಂಬುದು ಕೆಲಸದ ಹುಡುಗನಿಗೆ ಮಂತ್ರೋಪದೇಶ. ಭದ್ರತೆಗಾಗಿ ನಡೆದ ಸುಧಾರಣೆಯ ಫಲವಾಗಿ ಊರಿನ ಆಧಾರ್, ಪಹಣಿ, 371(ಜೆ) ಎಲ್ಲವೂ ತೇಪೆಯೇ ಕಾಣದ ಯಂತ್ರದ ಮೂಲಕ ಹಾದುಹೋಗುತ್ತವೆ. ಅದೂ ಊರ ಮಂದಿಯ ಪೆನ್‌ಡ್ರೈವ್ ಹಿಡಿದು. ಸ್ಟಕ್ಸ್‌ನೆಟ್ ಹಬ್ಬಿದ್ದು ಪೆನ್‌ಡ್ರೈವಿನಿಂದಲೂ ಎಂಬುದನ್ನು ಪಂಡಿತರು ಗಮನಿಸಬೇಕು.

ಫಲಶ್ರುತಿ

ಇದನ್ನು ಓದಿದವರು ಮುಂದಿನ ಪ್ರಿಂಟರ್ ಕೊಳ್ಳುವ ಮುನ್ನ “ಇದರಾಗ ಐಪಿಪಿ ಐತೇನ್ರೀ?” ಎಂದು ಕೇಳುವ ವಿವೇಕ ಪಡೆಯುವರು. ಕೇಳಿಸಿಕೊಂಡ ಅಂಗಡಿಯವರು ಹೌದೆಂದೇ ಹೇಳುವರು. ಡ್ರೈವರಿನ ಸಿ.ಡಿ.ಯನ್ನು ಜೋಪಾನ ಮಾಡಿದವರು ಪುಣ್ಯಾತ್ಮರು, ಅವರಿಗೆ ಸಿ.ಡಿ. ಹಾಕುವ ಕಿಂಡಿಯುಳ್ಳ ಕಂಪ್ಯೂಟರು ಮುಂದಿನ ಜನ್ಮದಲ್ಲಿ ಸಿಗಲಿ. ಇಷ್ಟಾದರೂ ಸಂಶಯ ಉಳಿದವರು 2027ರ ಜುಲೈ 1ರವರೆಗೆ ಕಾಯಬಹುದು. 12ಎ ಮಾತ್ರ ಇವತ್ತೇ ತುಂಬಿಸಿಟ್ಟುಕೊಳ್ಳುವುದು.