ಹನ್ನೆರಡು ವೋಲ್ಟಿನ ಸುಳ್ಳು

ಕಾರು ಓಡುತ್ತಿರುವಷ್ಟು ದಿನ ಅದಕ್ಕೆ ಒಬ್ಬನೇ ಮಾಲೀಕ. ನಿಂತಿತೋ, ಬೀದಿಯವರೆಲ್ಲ ಮಾಲೀಕರೇ. ಸಾಲದ ಕಂತು ಕಟ್ಟುವಾಗ ಕಾಣದ ಮುಖಗಳೆಲ್ಲ ಬಾನೆಟ್ ಎತ್ತಿದ ಕೂಡಲೇ ಗೇಟಿನ ಬಳಿ ಹಾಜರಾಗುತ್ತವೆ. ಬಾನೆಟ್ಟಿನ ಸದ್ದು ಅಷ್ಟು ದೂರ ಹೇಗೆ ಕೇಳಿಸುತ್ತದೆ ಎಂಬುದು ನನಗಿನ್ನೂ ಬಗೆಹರಿದಿಲ್ಲ.

ತೀರ್ಥಹಳ್ಳಿಯ ಆಷಾಢದ ಮಳೆಯಲ್ಲಿ ನಮ್ಮ ಕಾರು ಹಟ ಹಿಡಿಯಿತು. ಕೀ ತಿರುಗಿಸಿದರೆ ಸೆಲ್ಫ್ ಜೋರಾಗಿಯೇ ಹೊಡೆಯುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಬೆಳಿಗ್ಗೆ ಒಲ್ಲೆ ಎಂದದ್ದು ಮಧ್ಯಾಹ್ನ ಚೂರು ಬಿಸಿಲು ಕಂಡರೆ ತಕರಾರಿಲ್ಲದೆ ಹೊರಡುತ್ತದೆ. ನನ್ನ ಪ್ರಕಾರ ಪೂರ್ತಿ ಕೆಟ್ಟ ಕಾರು ಸಜ್ಜನ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಆಗಾಗ ಕೆಡುವ ಕಾರು ಮೆಕ್ಯಾನಿಕ್ ಎದುರು ಎಂದೂ ಕೆಡುವುದಿಲ್ಲ. ಆತ ಕಾರನ್ನು ಬಿಟ್ಟು ನಮ್ಮನ್ನೇ ಅನುಮಾನದಿಂದ ನೋಡಲು ಶುರುಮಾಡುತ್ತಾನೆ.

ಪಕ್ಕದ ಮನೆಯ ಭಟ್ಟರು ಕೊಡೆ ಹಿಡಿದೇ ಬಂದರು. “ಚೋಕ್ ಎಳೀರಿ ಮಾರಾಯ್ರೆ” ಎಂದರು. ಇದರಲ್ಲಿ ಚೋಕ್ ಇಲ್ಲ ಎಂದೆ. “ಚೋಕ್ ಇಲ್ಲದ ಕಾರು ಯಾಕೆ ತಗೊಂಡ್ರಿ?” ಅವರ ಕಾಲದ ಕಾರ್ಬುರೇಟರ್ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕದಲ್ಲೇ ಇರುತ್ತಿತ್ತು. ಎಂಜಿನ್ ತಿರುಗಿದಂತೆ ಒಳಗಿನ ಕ್ಯಾಮ್ ಅದರ ಸನ್ನೆಯನ್ನು ಒತ್ತುತ್ತಿತ್ತು, ಪೆಟ್ರೋಲ್ ಬರುತ್ತಿತ್ತು, ಕರೆಂಟಿನ ಹಂಗಿರಲಿಲ್ಲ. 2000ನೇ ಇಸವಿಯ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ನಮ್ಮಲ್ಲಿ ಕಾರ್ಬುರೇಟರ್ ಮೂಲೆ ಸೇರಿತು, ಇಂಜೆಕ್ಟರ್ ಬಂತು. ಇಂಜೆಕ್ಟರಿಗೆ ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಬೇಕು. ಅದಕ್ಕಾಗಿ ಒಂದು ಎಲೆಕ್ಟ್ರಿಕ್ ಮೋಟಾರನ್ನು ಪೆಟ್ರೋಲ್ ಟ್ಯಾಂಕಿನ ಒಳಗೇ ಮುಳುಗಿಸಿಟ್ಟಿದ್ದಾರೆ.

ಇದನ್ನು ಭಟ್ಟರಿಗೆ ಹೇಳಬಾರದಿತ್ತು. “ಪೆಟ್ರೋಲಿನೊಳಗೆ ಕರೆಂಟಾ?” ಎನ್ನುತ್ತ ಮೂರು ಹೆಜ್ಜೆ ಹಿಂದೆ ಸರಿದರು. ಉರಿಯಬೇಕಾದರೆ ಗಾಳಿ ಬೇಕು, ಪಂಪಿನೊಳಗೆ ಬರೀ ಪೆಟ್ರೋಲೇ ತುಂಬಿರುವುದರಿಂದ ಹೊತ್ತಿಕೊಳ್ಳುವುದಿಲ್ಲ, ಸಾಲದ್ದಕ್ಕೆ ಆ ಪೆಟ್ರೋಲೇ ಮೋಟಾರನ್ನು ತಂಪಾಗಿಡುತ್ತದೆ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು, ಹತ್ತಿರ ಮಾತ್ರ ಬರಲಿಲ್ಲ.

ಪಂಪು ಜೀವಂತ ಇದೆಯೋ ಇಲ್ಲವೋ ತಿಳಿಯಲು ಕಿವಿ ಸಾಕು. ಕೀಯನ್ನು ಆನ್‌ಗೆ ತಂದಾಗ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡು ಗುಂಯ್ ಎಂದು ನಿಲ್ಲಬೇಕು. ಎಂಜಿನ್ ತಿರುಗುತ್ತಿಲ್ಲವೆಂದು ಗೊತ್ತಾದರೆ ಕಾರಿನ ಕಂಪ್ಯೂಟರು ಪಂಪಿನ ಕರೆಂಟು ಕಿತ್ತುಬಿಡುತ್ತದೆ. ಅಪಘಾತದಲ್ಲಿ ಪೈಪ್ ಹರಿದರೆ ಪೆಟ್ರೋಲೆಲ್ಲ ರಸ್ತೆಗೆ ಸುರಿಯದಿರಲಿ ಎಂದು. ಹೆಂಡತಿ ಕೀ ತಿರುಗಿಸಿದಳು, ನಾನು ಸೀಟಿಗೆ ಕಿವಿಯಿಟ್ಟು ಮಲಗಿದೆ. ಗುಂಯ್ ಇಲ್ಲ. “ರೀ, ನಾನು ಮಾತಾಡುವಾಗ ಒಂದು ದಿನವಾದರೂ ಇಷ್ಟು ಕಿವಿಗೊಟ್ಟದ್ದುಂಟಾ?” ಎಂಬುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಗ್ಯಾರೇಜಿನ ಹುಡುಗ ಫೋನಿನಲ್ಲೇ ತೀರ್ಪು ಕೊಟ್ಟ: “ಪಂಪ್ ಹೋಗಿದೆ ಸಾರ್, ಹೊಸದು ಹಾಕಣ.” ಹಲವು ಸಾವಿರದ ಮಾತು. ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ಅಕ್ಕನ ಮಗ ಡಿಜಿಟಲ್ ಮಲ್ಟಿಮೀಟರ್ ತೆಗೆದ. ಪಂಪಿನ ಕಪ್ಲರ್ ಬಿಚ್ಚಿ ಎರಡು ಪಿನ್ನುಗಳಿಗೆ ಮುಳ್ಳು ತಾಗಿಸಿದ, ನಾನು ಕೀ ಆನ್ ಮಾಡಿದೆ. 12.4 ವೋಲ್ಟ್. “ಮಾವ, ಕರೆಂಟ್ ಸರಿಯಾಗೇ ಬರ್ತಿದೆ. ಪಂಪೇ ಹೋಗಿದೆ.” ವಿಜ್ಞಾನವೂ ಗ್ಯಾರೇಜೂ ಒಂದೇ ಮಾತು ಹೇಳಿದ ಮೇಲೆ ಅನುಮಾನಕ್ಕೆ ಎಡೆಯೆಲ್ಲಿ? ಆದರೂ ಹಲವು ಸಾವಿರ ಎಂದಾಗ ಮನುಷ್ಯನಿಗೆ ತಾನಾಗಿಯೇ ಎರಡನೇ ಅಭಿಪ್ರಾಯದ ಮೇಲೆ ಗೌರವ ಹುಟ್ಟುತ್ತದೆ.

ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಅಂಗಡಿಯಿಟ್ಟಿರುವ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಬಂದದ್ದು ಒಂದು ಬಲ್ಬಿನೊಂದಿಗೆ. ಇಂಡಿಕೇಟರಿನ 21 ವ್ಯಾಟ್ ಬಲ್ಬು, ಅದಕ್ಕೆ ಬೆಸೆದ ಎರಡು ವೈರು, ತುದಿಯಲ್ಲಿ ಕ್ಲಿಪ್ಪು. ಮೊದಲು ಫ್ಯೂಸ್ ನೋಡಿದರು, ಸರಿ. ಆಮೇಲೆ ಕಂಪ್ಯೂಟರ್ ಹೇಳಿದಾಗ ಪಂಪಿಗೆ ಕರೆಂಟು ಬಿಡುವ ಸ್ವಿಚ್ಚನ್ನು, ಅಂದರೆ ಪಂಪಿನ ರಿಲೇಯನ್ನು, ಕಿತ್ತು ಹಾರ್ನಿನ ರಿಲೇ ಜಾಗಕ್ಕೆ ಹಾಕಿ ಹಾರ್ನ್ ಒತ್ತಿದರು. ಎರಡೂ ಒಂದೇ ನಂಬರಿನವು. ಹಾರ್ನ್ ಹೊಡೆಯಿತು, ಭಟ್ಟರು ಬೆಚ್ಚಿದರು, ರಿಲೇ ನಿರಪರಾಧಿ ಎಂದಾಯಿತು. ಎರಡೇ ಸೆಕೆಂಡಿನಲ್ಲಿ ಕರೆಂಟು ನಿಂತುಹೋದರೆ ತನಿಖೆ ಆಗುವುದಿಲ್ಲವಲ್ಲ, ರಿಲೇ ಕೂರುವ ಸಾಕೆಟ್ಟಿನ 30 ಮತ್ತು 87ನೇ ಪಿನ್ನುಗಳಿಗೆ ಫ್ಯೂಸಿರುವ ವೈರನ್ನು ಅಡ್ಡ ಹಾಕಿದರು. ಈಗ ಕಂಪ್ಯೂಟರಿನ ಅಪ್ಪಣೆ ಬೇಕಿಲ್ಲ. ಪಂಪಿನ ಕಪ್ಲರಿಗೆ ಬಲ್ಬು ಸಿಕ್ಕಿಸಿದರೆ, ಅದು ಹೊತ್ತಿತೆನ್ನಲೂ ಆಗದಂತೆ ಕೆಂಪಗೆ ಮಿಣುಕಿತು.

“ಮೀಟರ್ 12.4 ತೋರಿಸ್ತು ಅಂಕಲ್” ಎಂದ ನನ್ನ ಸೋದರಳಿಯ.

“ತೋರಿಸ್ತದೆ ಮಗಾ. ಮದುವೆ ಮನೇಲಿ ಬಂದವರ ತಲೆ ಎಣಿಸಿದ್ರೆ ಸಾಕಾ? ಬಡಿಸೋಕೆ ಎಷ್ಟು ಜನ ಏಳ್ತಾರೆ, ಅದನ್ನ ನೋಡ್ಬೇಕು.”

ಓಮನ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ನಾನು ಕೇಳಿಲ್ಲ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಒಂದು ಇಡೀ ಪುಸ್ತಕ ಬರೆದು ಹೇಳಿದ್ದೂ ಇದರ ಸುತ್ತಲಿನ ಮಾತೇ. ಮಲ್ಟಿಮೀಟರ್ ತನಗಾಗಿ ಎಳೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ವೈರು ತುಕ್ಕು ಹಿಡಿದು ಒಂದೇ ಎಳೆ ಉಳಿದಿದ್ದರೂ ಮೀಟರಿನಲ್ಲಿ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಪಂಪು ಬೇಡುವುದು ಸುಮಾರು 5 ಆಂಪಿಯರ್. ದಾರಿಯಲ್ಲಿ ಒಂದೇ ಒಂದು ಓಮ್ ತುಕ್ಕು ಅಡ್ಡ ನಿಂತರೂ 5 ವೋಲ್ಟ್ ಅಲ್ಲೇ ಜೀರ್ಣ.

ಇನ್ನು ತಿಂದವರು ಯಾರು ಎಂಬ ಪ್ರಶ್ನೆ. ಕಪ್ಲರನ್ನು ಮತ್ತೆ ಜೋಡಿಸಿ, ಪಂಪಿನ ಕಪ್ಪು ವೈರಿಗೂ ಕಾರಿನ ಬಾಡಿಗೂ ನಡುವೆ ಅದೇ ಮಲ್ಟಿಮೀಟರ್ ಇಡಿಸಿದರು. ಅರ್ತ್, ಅಂದರೆ ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ, ಸರಿಯಿದ್ದರೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಏಳಕ್ಕೂ ಮೇಲೆ ತೋರಿಸಿತು. ಮೀಟರು ಆಗಲೂ ಸುಳ್ಳು ಹೇಳಿರಲಿಲ್ಲವೆನ್ನಿ, ಪ್ರಶ್ನೆಯೇ ತಪ್ಪಾಗಿತ್ತು. ಕಪ್ಪು ವೈರಿನ ಜಾಡು ಹಿಡಿದು ಹಿಂದಿನ ಬಾಗಿಲಿನ ಹೊಸ್ತಿಲ ಕಾರ್ಪೆಟ್ ಎತ್ತಿದರೆ ಕೆಳಗೆ ಸಣ್ಣದೊಂದು ಕೊಳ. ಆ ಕೊಳದ ದಡದಲ್ಲಿ, ವೈರಿನ ತುದಿಯ ಹಸಿರು ಕಿಲುಬಿನ ಲಗ್ಗು ಹೊತ್ತು ತುಕ್ಕು ಹಿಡಿದ ಅರ್ತ್ ಬೋಲ್ಟ್. ಮಲೆನಾಡಿನಲ್ಲಿ ಕಾರು ಇಟ್ಟವರು ಪೇಟೆಗೆ ಹೋಗುವಾಗ ಒಬ್ಬರೇ ಹೋಗುವ ಪದ್ಧತಿಯಿಲ್ಲ. ಹತ್ತಿಸಿಕೊಂಡವರೆಲ್ಲರ ಒದ್ದೆ ಕೊಡೆಗಳು ಒರಗುತ್ತಿದ್ದದ್ದು ಅಲ್ಲಿಯೇ. ಬಿಸಿಲಿಗೆ ತಗಡು ಹಿಗ್ಗಿದಾಗ ಬೋಲ್ಟು ಚೂರು ತಾಗುತ್ತಿತ್ತು, ಮಧ್ಯಾಹ್ನ ಹೊರಡುತ್ತಿದ್ದದ್ದು ಅದಕ್ಕೇ ಎಂದರು ಎಲೆಕ್ಟ್ರಿಷಿಯನ್.

ಪಾಲಿಶ್ ಪೇಪರಿನಿಂದ ಉಜ್ಜಿ, ಹೊಸ ಲಗ್ಗು ಹಾಕಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದ್ದಷ್ಟೇ ರಿಪೇರಿ. ಬಲ್ಬು ಕಣ್ಣು ಕುಕ್ಕುವಂತೆ ಹೊತ್ತಿತು, ಪಂಪು ಗುಂಯ್ ಎಂದಿತು. ಅವರು ಕೇಳಿದ ಕೂಲಿ ನನಗೇ ಸಂಕೋಚವಾಗುವಷ್ಟು ಕಡಿಮೆ.

ಓದುಗರಲ್ಲಿ ಒಂದು ವಿನಂತಿ. ಪಂಪು ಹೋಗಿದೆ ಎಂದು ಯಾರಾದರೂ ಹೇಳಿದರೆ, ಹೊಸದಕ್ಕೆ ದುಡ್ಡು ಬಿಚ್ಚುವ ಮೊದಲು, ಬಲ್ಬ್ ಹಾಕಿ ನೋಡಿದಿರಾ, ಅರ್ತ್ ನೋಡಿದಿರಾ ಎಂದು ಕೇಳಿ. ಟ್ಯಾಂಕಿನ ಮುಚ್ಚಳ ತೆರೆದಿದ್ದಾಗ ಮಾತ್ರ ಈ ಪ್ರಯೋಗ ಬೇಡ, ಕಿಡಿ ಹಾರೀತು. ಬಲ್ಬು, ಎರಡು ಮೊಳ ವೈರು, ಎರಡು ಕ್ಲಿಪ್ಪು ಎಲ್ಲ ಸೇರಿ ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಮಾಡಿಸಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ.