ಕಾರಿನ ಬೆನ್ನಿಗೆ ಸೈಕಲ್ಲು

ಮೇಷ್ಟ್ರೇ, ದಸರಾ ರಜೆಗೆ ಮೊಮ್ಮಕ್ಕಳ ಜೊತೆ ಅವರ ಸೈಕಲ್ಲುಗಳೂ ಬರುತ್ವಂತೆ? ನಿಮ್ಮ ಅಳಿಯಂದ್ರು ಕಾರಿನ ಹಿಂದೆ ಟೋಬಾರ್ ಹಾಕಿಸಿ, ಅದರ ಮೇಲೆ ಸೈಕಲ್ ರ‍್ಯಾಕು ಕೂರಿಸ್ತೀನಿ ಅಂದ್ರಂತೆ. ನಮ್ಮನೆಯವಳು ಹೇಳಿದಳು, ಕೇಳಿ ಬಹಳ ಸಂತೋಷ ಆಯ್ತು. ಸಿದ್ಧರಬೆಟ್ಟದ ತಪ್ಪಲು, ಮಿಡಿಗೇಶಿ ಕೋಟೆ, ಮೈದನಹಳ್ಳಿಯ ಕೃಷ್ಣಮೃಗದ ಬಯಲು ಇವನ್ನೆಲ್ಲ ಆ ಮಕ್ಕಳು ಕಾರಿನ ಕಿಟಕಿಯಿಂದ ಎಷ್ಟು ದಿನ ಅಂತ ನೋಡೋದು! ಆದ್ರೆ ಅಂಗಡಿಗೆ ಹೋಗೋಕೆ ಮುಂಚೆ ಅಳಿಯಂದ್ರಿಗೊಂದು ಮಾತು ಹೇಳಿ. ಯಾವ ಕಂಪನಿ ರ‍್ಯಾಕು, ಎಷ್ಟು ಸೈಕಲ್ಲಿಂದು ಅನ್ನೋದೆಲ್ಲ ಆಮೇಲಿನ ವಿಚಾರ. ಟೋಬಾರನ್ನ ಕಾರಿನ ಯಾವ ಭಾಗಕ್ಕೆ ಬಿಗೀತಾರೆ, ಅದು ಎಷ್ಟು ಭಾರ ತಡೆಯುತ್ತೆ, ಇದು ಮೊದಲು ಗೊತ್ತಾಗ್ಬೇಕು.

"ಟ್ರ್ಯಾಕ್ಟರಿಗೆ ಟ್ರೈಲರು ಸಿಗಿಸ್ತಾರಲ್ಲ, ಅದೇ ತಾನೇ ಕಣಪ್ಪಾ?" ಅಂತ ಕೇಳಿದ್ರಿ. ಕೆಲಸ ಅದೇ, ರೂಪ ಬೇರೆ. ಯುರೋಪಿನ ಕಡೆ ಕಾರಿನ ಹಿಂದೆ 50 ಮಿಲಿಮೀಟರ್ ದಪ್ಪದ ಉಕ್ಕಿನ ಗುಂಡು ಇರುತ್ತೆ, ಅಮೆರಿಕದಲ್ಲಿ 2 ಇಂಚಿನ ಚೌಕಾಕಾರದ ಕೊಳವೆ, ಸಣ್ಣ ಕಾರಿಗಾದ್ರೆ ಒಂದೂಕಾಲು ಇಂಚು. ಒಂದಕ್ಕೆ ಮಾಡಿದ ರ‍್ಯಾಕು ಇನ್ನೊಂದಕ್ಕೆ ಕೂರೋದಿಲ್ಲ. ಆ ದೇಶಗಳಲ್ಲಿ ಸಂಸಾರ ಸಮೇತ ರಜೆಗೆ ಹೊರಡೋರು ಕಾರಿನ ಹಿಂದೆ ಗಾಲಿ ಮನೆ ಎಳ್ಕೊಂಡು ಹೋಗ್ತಾರೆ. ಅದಕ್ಕೇ ಕಾರು ಮಾಡೋರೇ ಟೋಬಾರಿಗೆ ಚಾಸಿಸ್ಸಲ್ಲಿ ಜಾಗ ಬಿಟ್ಟಿರ್ತಾರೆ, ಎಷ್ಟು ಕಿಲೋ ತಡೆಯುತ್ತೆ ಅಂತ ಪುಸ್ತಕದಲ್ಲಿ ಬರೆದಿರ್ತಾರೆ. ನಮ್ಮಲ್ಲಿ ಬಹುಪಾಲು ಕಾರುಗಳಿಗೆ ಟೋಬಾರು ಹಾಕೋದು ಬಿಡಿಭಾಗದ ಅಂಗಡಿಯೋರು. ಅದರಲ್ಲೂ ಬಹಳಷ್ಟು ಮಂದಿ ಅದನ್ನ ಹಾಕಿಸೋದು ಹಿಂದಿನ ಗಾಡಿ ಬಂದು ತಗುಲಿದ್ರೆ ಬಂಪರ್ ಉಳೀಲಿ ಅಂತ. ನೋಡೋಕೆ ಗುಂಡು ಫಳಫಳ ಅಂತಿರುತ್ತೆ. ಕೆಳಗೆ ಬಗ್ಗಿ ನೋಡಿದ್ರೆ ತಗಡಿನಂಥ ಎರಡು ಪಟ್ಟಿ, ನಾಲ್ಕು ಬೋಲ್ಟು.

ನೀವು ನಿಮ್ಮ ಕಣ್ಣಾರೆ ನೋಡ್ಬೇಕಾದ್ದು ಅಲ್ಲೇ. ಕಾರು ಬಂದ ದಿನ ಹಿಂದುಗಡೆ ಒಂದು ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ನೋಡೋಣ. ಪಟ್ಟಿ ಬಂಪರಿನ ಹಿಂದಿನ ತಗಡಿಗೆ ಮಾತ್ರ ಬಿಗಿದಿದ್ರೆ ಅದು ಸೈಕಲ್ ಹೊರೋಕೆ ಲಾಯಕ್ಕಲ್ಲ. ಎಡಕ್ಕೂ ಬಲಕ್ಕೂ ಉದ್ದಕ್ಕೆ ಹೋಗಿ ಚಾಸಿಸ್ಸಿನ ತೊಲೆಗೇ ಬೋಲ್ಟಾಗಿರ್ಬೇಕು. ಬೋಲ್ಟಿನ ತಲೆ ಮೇಲೆ ಸಣ್ಣಕ್ಕೆ 8.8 ಅಂತಲೋ 10.9 ಅಂತಲೋ ಅಚ್ಚು ಇರುತ್ತೆ, ಅದು ಉಕ್ಕಿನ ಬಲದ ಗುರುತು. ಏನೂ ಅಚ್ಚಿಲ್ಲದ ಬೋಲ್ಟು ಕಂಡ್ರೆ ತೆಗೆಸಿಬಿಡಬೇಕು. ಚಾಸಿಸ್ಸಿಗೆ ಗ್ಯಾರೇಜಲ್ಲಿ ವೆಲ್ಡಿಂಗ್ ಹೊಡೆದಿದ್ರೂ ನಾನು ಒಪ್ಪೋದಿಲ್ಲ. ಬೆಂಕಿ ತಗುಲಿದ ಜಾಗದ ಪಕ್ಕದಲ್ಲೇ ಲೋಹ ಸೋತು, ಬಿರುಕು ಬಿಡೋದು ಅಲ್ಲಿಂದಲೇ.

ಇನ್ನು ಭಾರದ ಲೆಕ್ಕ. ಗುಂಡಿನ ಮೇಲೆ 75 ಕಿಲೋ ಇಡಬಹುದು ಅಂತ ಬರೆದಿದೆ ಅಂತಿಟ್ಕೊಳ್ಳಿ. ರ‍್ಯಾಕೇ 18 ಕಿಲೋ ತೂಗಿದ್ರೆ ಉಳಿದದ್ದು 57. ತಲಾ 15 ಕಿಲೋದ ಮೂರು ಸೈಕಲ್ಲು 45, ಆಯ್ತು. ನಾಲ್ಕನೇದು ಇಟ್ರೆ 60, ಅಲ್ಲಿಗೆ ಲೆಕ್ಕ ತಪ್ಪಿತು. ಬ್ಯಾಟರಿ ಸೈಕಲ್ಲು ಒಂದೊಂದೇ 20, 25 ಕಿಲೋ ತೂಗುತ್ತೆ, ಅವು ಎರಡಾದ್ರೆ ಸಾಕು. ರ‍್ಯಾಕಿನ ಮೇಲೆ "ನಾಲ್ಕು ಸೈಕಲ್" ಅಂತ ಬರೆದಿರೋದನ್ನ ನೋಡಿ ಕೊಂಡ್ರೆ ಪ್ರಯೋಜನ ಇಲ್ಲ. ರ‍್ಯಾಕಿಗೊಂದು ಮಿತಿ, ಟೋಬಾರಿಗೊಂದು ಮಿತಿ, ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಮ್ಮ ಮಿತಿ.

ತೂಕ ಎಷ್ಟು ಅನ್ನೋದರಷ್ಟೇ, ಅದು ಕಾರಿನಿಂದ ಎಷ್ಟು ದೂರಕ್ಕೆ ಚಾಚಿದೆ ಅನ್ನೋದೂ ಮುಖ್ಯ. ತುಂಬಿದ ಬಿಂದಿಗೇನ ಸೊಂಟದ ಮೇಲಿಟ್ಕೊಂಡ್ರೆ ಅರ್ಧ ಮೈಲಿ ನಡೀಬಹುದು, ಅದನ್ನೇ ಕೈ ಚಾಚಿ ಹಿಡಿದ್ರೆ ಹತ್ತು ಹೆಜ್ಜೆ ಇಡೋಕಾಗಲ್ಲ. ಕಾರಿಗೆ ಒತ್ತಿಕೊಂಡಿರೋ ಮೊದಲನೇ ಸೈಕಲ್ಲಿಗಿಂತ ಹೊರತುದಿಯ ಸೈಕಲ್ಲು ಟೋಬಾರನ್ನ ಜಾಸ್ತಿ ಜಗ್ಗುತ್ತೆ. ಅದಕ್ಕೇ ಭಾರದ್ದು ಒಳಗಡೆ, ಮಕ್ಕಳ ಹಗುರದ್ದು ಹೊರಗಡೆ. ದಾಬಸ್‌ಪೇಟೆ ಬಿಟ್ಟು ಕೊರಟಗೆರೆ ಕಡೆ ತಿರುಗಿದ ಮೇಲೆ ಊರಿಗೊಂದು ಹಂಪು ಸಿಗುತ್ತಲ್ಲ, ಪ್ರತಿ ಹಂಪಿಗೂ ಹಿಂದಿನ ಭಾರ ಎಗರಿ ಕೂರುತ್ತೆ. ನಿಂತ ಕಾರಿನಲ್ಲಿ 60 ಕಿಲೋ ಇದ್ದದ್ದು ಆ ಏಟಿಗೆ ಎಷ್ಟೋ ಪಟ್ಟು ಆಗುತ್ತೆ. ಕಾರಿನ ಹಿಂಭಾಗ ತಗ್ಗಿರೋದ್ರಿಂದ ಟೋಬಾರು ಹಂಪಿಗೆ ತಗುಲೋದೂ ಉಂಟು. ಯುರೋಪಿನ ರಸ್ತೆಗೆ ಬರೆದ ಮಿತೀನ ನಮ್ಮ ರಸ್ತೆಗೆ ಪೂರ್ತಿ ಬಳಸ್ಬಾರದು ಅಂತಲೇ ನಾನು ಹೇಳೋದು. ಒಂದು ಸೈಕಲ್ಲು ಕಡಿಮೆ ಇಟ್ಕೊಂಡು ಬರಲಿ.

ಉದ್ದಾನೂ ಅಳೀಬೇಕು. ದೊಡ್ಡವರ ಸೈಕಲ್ಲು ಸುಮಾರು 170ರಿಂದ 180 ಸೆಂಟಿಮೀಟರ್. ಆಲ್ಟೊ ಕೆ10 ಕಾರಿನ ಅಗಲ 149, ವ್ಯಾಗನ್ ಆರ್ 162, ಸ್ವಿಫ್ಟ್ 173.5. ಅಡ್ಡಡ್ಡ ಕಟ್ಟಿದ್ರೆ ಸಣ್ಣ ಕಾರಿನ ಎರಡೂ ಪಕ್ಕಕ್ಕೆ ಚಕ್ರ ಚಾಚಿಕೊಳ್ಳುತ್ತೆ. ಕಾರು ಓಡಿಸೋರಿಗೆ ಅದು ಕಾಣಲ್ಲ, ಪಕ್ಕದಲ್ಲಿ ಬರೋ ಬೈಕಿನವನ ಮೊಣಕೈಗೆ ಸಿಗುತ್ತೆ. ಮುಂದಿನ ಚಕ್ರ ಬಿಚ್ಚಿಟ್ರೆ ಇದು ಬಗೆಹರಿಯುತ್ತೆ. ನಿಮ್ಮ ತಮ್ಮಂದಿರ ಬೊಲೆರೊ ಆದ್ರೆ ಅಗಲದ ಯೋಚನೆ ಅಷ್ಟಿಲ್ಲ, ಆದ್ರೆ ಹಿಂಬಾಗಿಲಿಗೆ ಸ್ಟೆಪ್ನಿ ಇದೆಯಲ್ಲ, ರ‍್ಯಾಕು ಅದಕ್ಕೆ ತಗುಲದ ಹಾಗೆ ಇನ್ನಷ್ಟು ಹಿಂದಕ್ಕೆ ಚಾಚ್ಬೇಕಾಗುತ್ತೆ. ಬಿಂದಿಗೆ ಮಾತು ಅಲ್ಲೂ ಬಂತು. ಸೈಲೆನ್ಸರ್ ಕೊಳವೆ ಯಾವ ಕಡೆಗಿದೆ ಅಂತಾನೂ ನೋಡ್ಕೋಬೇಕು. ಬಿಸಿ ಹೊಗೆ ನೇರ ಟೈರಿಗೆ ಬಡಿದ್ರೆ ರಬ್ಬರು ಮೆತ್ತಗಾಗುತ್ತೆ.

ನನಗೆ ಎಲ್ಲಕ್ಕಿಂತ ಚಿಂತೆ ಇರೋದು ನಂಬರ್ ಪ್ಲೇಟಿಂದು. ಸೈಕಲ್ಲು ನಿಂತ್ರೆ ಹಿಂದಿನ ಪ್ಲೇಟೂ ಮುಚ್ಚುತ್ತೆ, ಬ್ರೇಕ್ ಲೈಟು, ಇಂಡಿಕೇಟರೂ ಅರ್ಧ ಮರೆಯಾಗುತ್ತೆ. ಹೊರದೇಶದ ಒಳ್ಳೆ ರ‍್ಯಾಕಿನಲ್ಲಿ ಲೈಟಿನ ಹಲಗೆ ಇರುತ್ತೆ, ಅದರ ವೈರು 7 ಪಿನ್ನಿನದೋ 13 ಪಿನ್ನಿನದೋ ಪ್ಲಗ್ಗಿನ ಮೂಲಕ ಕಾರಿಗೆ ಸೇರುತ್ತೆ. ಬ್ರಿಟನ್ನಿನಲ್ಲಾದ್ರೆ ಇನ್ನೊಂದು ನಂಬರ್ ಪ್ಲೇಟು ಮಾಡಿಸಿ ಆ ಹಲಗೆಗೆ ಹಾಕ್ತಾರೆ. ನಮ್ಮಲ್ಲಿ 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಪ್ಲೇಟು, ಅಶೋಕ ಚಕ್ರದ ಹಾಲೋಗ್ರಾಮ್, ಲೇಸರಿನಲ್ಲಿ ಕೆತ್ತಿದ ಸಂಖ್ಯೆ. ಒಂದ್ಸಲ ಕೂರಿಸಿದ ಲಾಕು ಬಿಚ್ಚಿದ್ರೆ ಮುರಿದೇ ಹೋಗುತ್ತೆ. ಅದನ್ನ ಕಿತ್ತು ರ‍್ಯಾಕಿಗೆ ಹಾಕೋ ಹಾಗಿಲ್ಲ, ಅಂಗಡೀಲಿ ಬರೆಸಿದ ಪ್ಲೇಟು ಅದಕ್ಕೆ ಸಮ ಅಲ್ಲ. ಟೋಬಾರಿನ ವಿಚಾರಕ್ಕೂ ಕಾನೂನು ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯ ರೂಪ ಬದಲಾಯಿಸೋ ಹಾಗಿಲ್ಲ. ಮುಂದೆ ಹಾಕೋ ಬುಲ್ ಬಾರುಗಳನ್ನ ತೆಗೆಸಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದದ್ದು ಇದೇ ಸೆಕ್ಷನ್ ಹಿಡಿದು. ಅಳಿಯಂದ್ರು ಅವರ ಆರ್‌ಟಿಒ ಕಚೇರೀಲೋ, ಇಲ್ಲಿ ನಮ್ಮ ಕೆಎ-64 ಕಚೇರೀಲೋ ಕೇಳಿಯೇ ದುಡ್ಡು ಹಾಕಲಿ. ಪಾವಗಡಕ್ಕೆ ಹೋಗ್ತಾ ಮಿಡಿಗೇಶಿ ದಾಟಿದ ಮೇಲೆ ಆಂಧ್ರದ ನೆಲ ತುಳಿದೇ ಹೋಗ್ಬೇಕಲ್ಲ, ಅಲ್ಲಿಯ ಪೊಲೀಸರಿಗೂ ಇದನ್ನೇ ವಿವರಿಸ್ತಾ ನಿಲ್ಲೋದು ಮಕ್ಕಳ ರಜೆಗೆ ಒಪ್ಪೋ ಕೆಲಸ ಅಲ್ಲ.

"ಹಂಗಾದ್ರೆ ಟಾಪಿನ ಮೇಲೆ ಕಟ್ಕೊಂಡು ಬರಲಿ ಬಿಡಪ್ಪ, ನಮ್ಮ ಕಾಲದಲ್ಲಿ ಪಾವಗಡದ ಬಸ್ಸಿನ ಮೇಲೆ ಸೈಕಲ್ಲು, ಕುರಿ ಎಲ್ಲ ಬರ್ತಿದ್ವು" ಅಂದ್ರಿ. ಅದೂ ಆಗುತ್ತೆ ಮೇಷ್ಟ್ರೇ. ಪ್ಲೇಟು, ಲೈಟು ಎರಡೂ ಕಾಣುತ್ತೆ. ಆದ್ರೆ ಗಾಳಿ ತಡೆದು ಪೆಟ್ರೋಲು ಜಾಸ್ತಿ ಕುಡಿಯುತ್ತೆ, ಟಾಪಿನ ಭಾರಕ್ಕೂ ಕಂಪನಿ ಮಿತಿ ಇದೆ, ಸಾಲು ಹುಣಸೆಮರದ ತಗ್ಗಿನ ಕೊಂಬೆ ಕೆಳಗೆ ಓಡಿಸೋರು ಜ್ಞಾಪಕ ಇಟ್ಕೋಬೇಕು. ಡಿಕ್ಕಿ ಬಾಗಿಲಿಗೆ ಬೆಲ್ಟಿನಲ್ಲಿ ಬಿಗಿಯೋ ರ‍್ಯಾಕಿನ ಬೆಲೆ ಕಡಿಮೆ, ಆದ್ರೆ ಪ್ಲೇಟು ಮುಚ್ಚೋ ತೊಂದರೆ ಅಲ್ಲೂ ಇದೆ, ಬೆಲ್ಟು ದಾರೀಲಿ ಸಡಿಲ ಆಗುತ್ತೆ. ಯಾವುದನ್ನೇ ಹಾಕಲಿ, ಹೊರಟು ಹತ್ತಿಪ್ಪತ್ತು ಕಿಲೋಮೀಟರಿಗೆ ಒಮ್ಮೆ ಇಳಿದು, ಸೈಕಲ್ಲನ್ನ ಕೈಯಲ್ಲಿ ಅಲ್ಲಾಡಿಸಿ ನೋಡಲೇಬೇಕು. ಹೆದ್ದಾರೀಲಿ ಕಳಚಿ ಬಿದ್ದ ಸೈಕಲ್ಲು ಹಿಂದೆ ಬರೋ ಸ್ಕೂಟರಿನವರ ಪ್ರಾಣಕ್ಕೆ ಬರುತ್ತೆ.

ನಿಮ್ಮ ಮನೆಗೆ ಬರ್ಬೇಕಾದ್ದು ದೊಡ್ಡದೊಂದು, ಚಿಕ್ಕದೊಂದು, ಎರಡೇ ಸೈಕಲ್ಲು. ಅಷ್ಟಕ್ಕೆ ನನ್ನ ಸಲಹೆ: ಮುಂದಿನ ಚಕ್ರ ಬಿಚ್ಚಿ, ಹಿಂದಿನ ಸೀಟಿನ ಅರ್ಧ ಮಡಚಿ, ಹಳೇ ಜಮಖಾನ ಹಾಸಿ ಒಳಗೇ ಮಲಗಿಸ್ಕೊಂಡು ಬರಲಿ. ಸೀಟಿನ ಬೆಲ್ಟಿನಲ್ಲಿ ಬಿಗಿದ್ರೆ ಅಲ್ಲಾಡಲ್ಲ. ಮುಂದೆ ಮಕ್ಕಳು ಬೆಳೆದು ನಾಲ್ಕು ಜನಕ್ಕೂ ಸೈಕಲ್ಲು ಬೇಕಾದಾಗ, ಟೋಬಾರಿಗೆ ಕಂಪನಿಯೇ ಮಿತಿ ಬರೆದು ಕೊಟ್ಟಿರೋ ಗಾಡಿ ನೋಡಿ ತಗೊಂಡು, ಲೈಟಿನ ಹಲಗೆ ಇರೋ ರ‍್ಯಾಕು, ಡಿಕ್ಕಿ ತೆಗೆಯೋಕೆ ಹಿಂದಕ್ಕೆ ಬಗ್ಗೋ ಅಂಥದ್ದು, ಧಾರಾಳವಾಗಿ ಕೊಳ್ಳಲಿ.

ಇಲ್ಲಿಗೆ ಬಂದ ಮೇಲೆ ಚಕ್ರ ಕೂರಿಸೋಕೆ ನಾನಿದ್ದೀನಿ. ಮೊದಲನೇ ದಿನ ಬೆಳಿಗ್ಗೆ ಬಿಸಿಲೇರೋಕೆ ಮುಂಚೆ ಮೈದನಹಳ್ಳಿ ಕಡೆ ಹೋಗೋಣ, ಅಲ್ಲಿ ಏರಿಲ್ಲ, ಚಿಕ್ಕವನಿಗೂ ತುಳಿಯೋಕಾಗುತ್ತೆ. ಶಿರಾದ ಕಗ್ಗಲಡು ಪಕ್ಷಿಧಾಮಕ್ಕೆ ಕೊಕ್ಕರೆ ಮರಿ ಮಾಡೋ ಕಾಲದಲ್ಲಿ ಇನ್ನೊಮ್ಮೆ ಕರೀಬೇಕು. ಪಾವಗಡದ ತಿರುಮಣಿಯಲ್ಲಿ 13,000 ಎಕರೆ ಸೋಲಾರ್ ಪಾರ್ಕು ನೋಡ್ಬೇಕು ಅಂತ ದೊಡ್ಡವಳು ಕೇಳ್ತಿದ್ದಳಲ್ಲ, ಅಲ್ಲಿಗೆ ಮಾತ್ರ ಕಾರಲ್ಲೇ ಹೋಗಿ, ಊರ ಹತ್ತಿರ ಇಳಿಸ್ಕೊಂಡು ತುಳಿಯೋಣ. ಹತ್ತು ಗಂಟೆ ದಾಟಿದ್ರೆ ಅಲ್ಲಿ ನೆರಳು ಸಿಗಲ್ಲ. ಇವತ್ತು ರಾತ್ರಿ ಅಳಿಯಂದ್ರ ಫೋನ್ ಬಂದಾಗ ನನ್ನನ್ನೂ ಕೂಗಿ, ನಾನೇ ಮಾತಾಡ್ತೀನಿ.