ಮೇಲಿಂದಾನೇ ಇಲ್ಲ, ಸಾರ್!

ನಮ್ಮ ಊರುಗಳಲ್ಲಿ ವಯಸ್ಸೇ ಆಗದ ವೃತ್ತಿ ಒಂದಿದೆ, ಕೇಬಲ್ ಹುಡುಗನದು. ತಲೆ ನರೆತು, ಮಗಳ ಮದುವೆಯ ಲಗ್ನಪತ್ರಿಕೆ ಕೊಡಲು ಬಂದರೂ ಒಳಗಿನಿಂದ ಕೇಳುವ ಕೂಗು ಒಂದೇ: "ರೀ, ಕೇಬಲ್ ಹುಡುಗ ಬಂದಿದಾನೆ ನೋಡಿ!"

ತಿಂಗಳ ದುಡ್ಡಿಗಾದರೆ ಅವನು ಕರೆಯದೆಯೇ ಬರುತ್ತಾನೆ. ಟಿವಿ ನಿಂತಾಗ ಫೋನ್ ಮಾಡಿದರೆ, "ನಿಮ್ಮ ಬೀದೀಲೇ ಇದೀನಿ ಸಾರ್, ಐದು ನಿಮಿಷ" ಎನ್ನುತ್ತಾನೆ. ಆ ಐದು ನಿಮಿಷ ಮುಗಿಯುವಷ್ಟರಲ್ಲಿ ಅಜ್ಜಿ ನೋಡುತ್ತಿದ್ದ ಧಾರಾವಾಹಿಯ ಸೊಸೆಗೆ ಸೀಮಂತವಾಗಿ, ಮಗುವಿನ ನಾಮಕರಣವೂ ಮುಗಿದಿರುತ್ತದೆ.

ಬರುವಾಗ ಹೆಗಲಿಗೆ ಕಪ್ಪು ವೈರಿನ ಸುರುಳಿ, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ ಮೊಬೈಲು. ಮಿಕ್ಕ ಸಲಕರಣೆಯೆಲ್ಲ ನಮ್ಮದು. "ಆಂಟಿ, ಒಂದು ಸ್ಟೂಲ್ ಕೊಡಿ." ಕೊಟ್ಟರೆ, "ಹಾಗೇ ಒಂದು ಚಾಕು." ತರಕಾರಿ ಹೆಚ್ಚುವ ಚಾಕು ಸಿಗುವುದು ಕೊಂಚ ತಡವಾದರೂ ಅವನು ಕಾಯುವುದಿಲ್ಲ. ದೇವರು ಕೊಟ್ಟ ಹಲ್ಲಿದೆ.

ಆ ಹಲ್ಲಿಗೆ ಸಿಕ್ಕಿದ ವೈರಿನೊಳಗಾದರೋ ಬಹಳ ಶಿಸ್ತು. ಹೆಸರು ಆರ್‌ಜಿ-6. ನಟ್ಟನಡುವೆ ಒಂದೇ ತಂತಿ, ಅದರ ಸುತ್ತ ಬಿಳಿಯ ನೊರೆ ಪ್ಲಾಸ್ಟಿಕ್, ಅದಕ್ಕೆ ಬೇಗಡೆ, ಬೇಗಡೆಯ ಮೇಲೆ ಸಣ್ಣ ಎಳೆಗಳ ಜಾಲರಿ, ಕೊನೆಗೆ ಕಪ್ಪು ಹೊದಿಕೆ. ಸಿಗ್ನಲ್ ಸಾಗುವುದು ತಂತಿಗೂ ಜಾಲರಿಗೂ ನಡುವಿನ ಜಾಗದಲ್ಲಿ. ಆ ಅಂತರ ಉದ್ದಕ್ಕೂ ಒಂದೇ ಸಮ ಇದ್ದರೆ ವೈರಿನ 75 ಓಮ್ ಲೆಕ್ಕ ಸರಿಯಾಗಿರುತ್ತದೆ. ಎಲ್ಲಿ ತಪ್ಪಿತೋ ಅಲ್ಲಿಂದ ಸಿಗ್ನಲ್ಲಿನ ಒಂದು ಪಾಲು ಬಂದ ದಾರಿಗೇ ವಾಪಸು. ನಮ್ಮವನು ಎರಡು ತುದಿಗಳನ್ನು ಬಿಚ್ಚಿ, ತಂತಿಗೆ ತಂತಿ ತಿರುಚಿ, ಜಾಲರಿಗೆ ಜಾಲರಿ ಸುತ್ತಿ, ಮದುಮಗಳಿಗೆ ಮೊಗ್ಗಿನ ಜಡೆ ಹೆಣೆಯುವಷ್ಟು ಅಕ್ಕರೆಯಿಂದ ಟೇಪು ಹಾಕುತ್ತಾನೆ. ಅಲ್ಲಿಗೆ 75 ಓಮಿನ ಕಥೆ ಮುಗಿಯಿತು.

ಇನ್ನು ಸ್ಪ್ಲಿಟರ್. ಮನೆಯಲ್ಲಿರುವುದು ಒಂದೇ ಟಿವಿ, ಅವನು ಹಾಕುವುದು ನಾಲ್ಕು ಬಾಯಿಯದು. ಕೇಳಿದರೆ, "ಮುಂದಕ್ಕೆ ಬೇಕಾಗುತ್ತೆ, ಇರಲಿ ಸಾರ್." ನಾಲ್ಕು ಬಾಯಿಯದರಲ್ಲಿ ಒಂದೊಂದು ಬಾಯಿಗೂ ಸುಮಾರು 7 ಡೆಸಿಬಲ್ ಖೋತಾ. ಎಂದರೆ ಬಂದದ್ದರಲ್ಲಿ ಐದನೇ ಒಂದು ಪಾಲು ನಮ್ಮದು, ಮಿಕ್ಕದ್ದು ಮುಂದೆಂದೋ ಬರಲಿರುವ ಮೂರು ಟಿವಿಗಳ ಹೆಸರಿನಲ್ಲಿ ಠೇವಣಿ. ಚಿತ್ರ ಸೊರಗಿತೆಂದು ದೂರಿದರೆ ಬೂಸ್ಟರ್ ತಂದು ಸಿಕ್ಕಿಸುತ್ತಾನೆ. ಅದು ಸಿಗ್ನಲ್ಲಿನ ಜೊತೆಗೆ ಅದರೊಳಗಿನ ಕಸವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ.

ಹಿಂದೆ ಈ ಪಾಪಗಳೆಲ್ಲ ತೆರೆಯ ಮೇಲೇ ಬಯಲಾಗುತ್ತಿದ್ದವು. ಜಾಯಿಂಟಿನಲ್ಲಿ ತಿರುಗಿಬಿದ್ದ ಸಿಗ್ನಲ್ ತಡವಾಗಿ ಬಂದು ಪಕ್ಕದಲ್ಲೇ ಇನ್ನೊಂದು ಮಸುಕು ಚಿತ್ರ ಮೂಡಿಸುತ್ತಿತ್ತು. ರಾಜ್‌ಕುಮಾರ್ ಅವರ ಯಾವ ಸಿನಿಮಾ ಹಾಕಿದರೂ ನಮ್ಮ ಮನೆಯಲ್ಲಿ ದ್ವಿಪಾತ್ರ! ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31ರ ಗಡುವಿನೊಂದಿಗೆ ಸೆಟ್ ಟಾಪ್ ಬಾಕ್ಸ್ ಬಂತು, ಕೇಬಲ್ ಹುಡುಗನ ಅದೃಷ್ಟ ಖುಲಾಯಿಸಿತು. ಬಾಕ್ಸ್ ಬಹಳ ಸಹನಶೀಲ. ಸಿಗ್ನಲ್ ಕುಗ್ಗಿದರೂ ತಪ್ಪುಗಳನ್ನು ತಾನೇ ತಿದ್ದಿಕೊಂಡು ಹೊಳೆಯುವ ಚಿತ್ರವನ್ನೇ ಕೊಡುತ್ತದೆ. ಅದರ ಸಹನೆಗೂ ಒಂದು ಎಲ್ಲೆಯುಂಟು. ಮೊದಲ ಮಳೆಗೆ ಟೇಪಿನ ಸಂದಿಯಿಂದ ನೀರಿಳಿದು ಜಾಲರಿಯುದ್ದಕ್ಕೂ ಹರಿದ ದಿನ, ನಾಯಕಿಯ ಮುಖ ಚೌಕ ಚೌಕವಾಗಿ ಒಡೆದು ತೆರೆ ಕಪ್ಪಾಗುತ್ತದೆ.

ಆಗ ಅವನು ಬರುತ್ತಾನೆ, ಕಿಟಕಿಯಿಂದ ಕತ್ತೆತ್ತಿ ನೋಡುತ್ತಾನೆ, ತೀರ್ಪು ಕೊಡುತ್ತಾನೆ: "ಮೇಲಿಂದಾನೇ ಇಲ್ಲ, ಸಾರ್." ಮೇಲೆ ಎಂದರೆ ಕಂಬವೋ, ತೆಂಗಿನ ಮರದಲ್ಲಿ ನೇತುಹಾಕಿದ ಡಬ್ಬಿಯೋ, ಕಂಟ್ರೋಲ್ ರೂಮೋ, ಉಪಗ್ರಹವೋ, ಸಾಕ್ಷಾತ್ ಪರಮಾತ್ಮನೋ, ಬಿಡಿಸಿ ಹೇಳಿದ್ದಿಲ್ಲ. ನಾವು ಮಾತ್ರ ಒಮ್ಮೆ ಮೇಲೆ ನೋಡಿ ಸುಮ್ಮನಾಗುತ್ತೇವೆ.

ಹಾಗೆಂದು ಅವನನ್ನೇ ದೂರುವುದು ನ್ಯಾಯವಲ್ಲ. ಅಜ್ಜಿಗೆ ಭಕ್ತಿಗೀತೆಯ ಚಾನೆಲ್ಲಿನ ನಂಬರು ಬಾಯಿಪಾಠ ಮಾಡಿಸಿದವನು ಅವನು. ಕ್ರಿಕೆಟ್ ಫೈನಲ್ ದಿನ ಮಳೆಯಲ್ಲಿ ಮಹಡಿ ಹತ್ತಿದವನೂ ಅವನೇ. "ಈ ವೈರ್ ಪೂರ್ತಿ ಹೋಗಿದೆ ಸಾರ್, ಕಂಬದಿಂದ ಹೊಸದೇ ಎಳೆಯೋಣ" ಎಂದು ಅವನು ಹೇಳಿದ ದಿನವೂ ಉಂಟು. ಕಂತಿನ ಮೇಲೆ 55 ಇಂಚಿನ ಟಿವಿ ತಂದ ಯಜಮಾನರು ಆಗ ಏನೆಂದರು? "ಹಳೇದೇ ಗಟ್ಟಿಯಾಗಿದೆಯಲ್ಲಪ್ಪಾ, ಒಂದು ಜಾಯಿಂಟ್ ಹಾಕಿಬಿಡು."

ಆದ್ದರಿಂದ ಓದುಗ ಮಹಾಶಯರೇ, ಮುಂದಿನ ಸಲ ಅವನು ಬಂದಾಗ ಕಂಬದಿಂದ ಬಾಕ್ಸಿನವರೆಗೆ ನಡುವೆ ತುಂಡಿಲ್ಲದ ಒಂದೇ ವೈರು ಎಳೆಸಿ. ಟಿವಿ ಎಷ್ಟಿವೆಯೋ ಸ್ಪ್ಲಿಟರಿಗೆ ಅಷ್ಟೇ ಬಾಯಿ ಸಾಕು, ಒಂದೇ ಆದರೆ ಸ್ಪ್ಲಿಟರೇ ಬೇಡ. ವೈರನ್ನು ಮೂಲೆಯಲ್ಲಿ ಮಡಚಿ ಮುರಿಯದೆ ಬಳಸಿ ತಿರುಗಿಸಲಿ, ಕಿಟಕಿಯ ಬಾಗಿಲಿಗೆ ಸಿಕ್ಕಿ ಅಪ್ಪಚ್ಚಿಯಾಗದಿರಲಿ. ಗೋಡೆಯೊಳಗೆ ನುಗ್ಗುವ ಮುನ್ನ ಕೆಳಕ್ಕೊಂದು ಬಳುಕು ಕೊಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ತುದಿಗೆ ಇಕ್ಕಳದಿಂದ ಒತ್ತಿ ಕೂರಿಸಿದ ಪಿನ್ನೇ ಆಗಬೇಕು; ಅದರ ಖರ್ಚು ಹೋಟೆಲಿನ ಒಂದು ಕಾಫಿಯಷ್ಟು. ಆ ದುಡ್ಡನ್ನು ಚೌಕಾಸಿಯಿಲ್ಲದೆ ಕೊಟ್ಟುಬಿಡಿ. ಅವನ ಹಲ್ಲಿಗೂ ನಿಮ್ಮ ಚಿತ್ರಕ್ಕೂ ಅದೇ ಕ್ಷೇಮ.